ಧಣಿಯ ಹಿತ್ತಲಿಗೆ ಅಪ್ಪ ಒಯ್ದ ಇದ್ದಿಲು

ಗಣಿಯ ಲಾರಿಗಳು ಹಗಲಿರುಳು ಓಡುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆಯವರು ಬಿಳಿ ಬಟ್ಟೆಯ ಆಸೆಯನ್ನೇ ಬಿಟ್ಟಿದ್ದರು. ಒಗೆದು ಹಗ್ಗಕ್ಕೆ ಹಾಕಿದ ಅಂಗಿ ಒಣಗುವಷ್ಟರಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಬೇವಿನ ಎಲೆ, ಕಿಟಕಿಯ ಸರಳು, ನಮ್ಮ ಮೂಗಿನ ಹೊಳ್ಳೆ, ಎಲ್ಲದರಲ್ಲೂ ಸಂಡೂರಿನ ಕಡೆಯ ಕೆಂಪು ಮಣ್ಣು. ಆ ಕಾಲದಲ್ಲಿ ಇಲ್ಲಿ ಶಾಲೆಗೆ ಹೋದವರಿಗೆ, ಸಂಜೆ ಮುಖ ತೊಳೆದ ನೀರು ಯಾವ ಬಣ್ಣದ್ದಿರುತ್ತಿತ್ತೆಂದು ನಾನು ಹೇಳಬೇಕಾಗಿಲ್ಲ.

ನಾವಿದ್ದದ್ದು ಚಿತ್ತವಾಡ್ಗಿಯಲ್ಲಿ. ಎರಡು ಸಣ್ಣ ಕೋಣೆ, ಹಿಂದೆ ಮನೆಗಿಂತ ದೊಡ್ಡ ಹಿತ್ತಲು. ಅಪ್ಪ ಊರ ಹೊರಗಿನ ಒಂದು ಅದಿರಿನ ಯಾರ್ಡಿನಲ್ಲಿ ಲಾರಿಗಳ ತೂಕ ನೋಡುವ ಕೆಲಸಕ್ಕಿದ್ದ. ಹೆಸರು ಶರಣಪ್ಪ. ಮಾತು ಕಡಿಮೆ. ಆದರೆ ಒಬ್ಬಳೇ ಮಗಳಾದ ನನ್ನನ್ನು ಬಿಟ್ಟು ಹಾಲಿನ ಅಂಗಡಿಗೂ ಹೋಗುತ್ತಿರಲಿಲ್ಲ. ಸಂತೆ, ಗಿರಣಿ, ಕ್ಷೌರದ ಅಂಗಡಿ, ಎಲ್ಲಿಗೆ ಹೊರಟರೂ ಅವನ ಕಿರುಬೆರಳು ನನ್ನ ಮುಷ್ಟಿಯಲ್ಲಿ ಇರಲೇಬೇಕು. ಗಂಡಸರ ಕ್ಷೌರದ ಅಂಗಡಿಯಲ್ಲಿ ಕೂತು ಹಳೆಯ ಪೇಪರಿನ ಚಿತ್ರ ನೋಡಿದ ಹುಡುಗಿ ನಮ್ಮ ಓಣಿಯಲ್ಲಿ ನಾನೊಬ್ಬಳೇ ಇರಬೇಕು.

ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ನಮ್ಮ ಓಣಿಯಲ್ಲಿ ಸುಡುವ ಕಾಲ ಶುರುವಾಗುತ್ತಿತ್ತು. ಐತವಾರಕ್ಕೊಂದು ಮನೆಯ ಹಿತ್ತಲು. ಮೆಕ್ಕೆಜೋಳ, ಗೆಣಸು, ಹಸಿಕಡಲೆಯ ಗಿಡ, ಬದನೆಕಾಯಿ. ಬದನೆಯ ಕರಿ ಸಿಪ್ಪೆ ಬಿಡಿಸಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಅವ್ವ ಕಲ್ಲಿನಲ್ಲಿ ಕುಟ್ಟುತ್ತಿದ್ದ ಚಟ್ನಿಯ ವಾಸನೆ ಮೂರು ಮನೆಯಾಚೆಗೂ ಹೋಗುತ್ತಿತ್ತು. ಹಸಿಕಡಲೆ ತಿಂದು ತುಟಿ ಕಪ್ಪಾಗಿ, ಒಬ್ಬರ ಮುಖ ಒಬ್ಬರು ನೋಡಿ ನಗುವುದೇ ನಮಗೊಂದು ಆಟ.

ಈ ಸುಡುವುದಕ್ಕೆ ಒಂದು ರೀತಿ ಇತ್ತು. ಮನೆಯ ಯಜಮಾನ ಬೆಂಕಿಯ ಮುಂದೆ ಕೂರುವಂತಿಲ್ಲ. ಬಂದವರಲ್ಲಿ ಯಾರಿಗೆ ಹೆಚ್ಚಿನ ಮರ್ಯಾದೆ ಸಲ್ಲಬೇಕೋ ಅವರಿಗೆ ಮಣೆ ಹಾಕಿ, ಕೈಗೆ ಬೀಸಣಿಗೆ ಕೊಟ್ಟು, ಬೆಂಕಿ ನಿಮ್ಮದು ಎಂದು ಹೇಳಬೇಕು. ಅವರು ಸುಟ್ಟು ಕೈಯಾರೆ ಕೊಟ್ಟದ್ದನ್ನು ಉಳಿದವರು ತಿನ್ನಬೇಕು. ಕಂಪ್ಲಿಯಿಂದ ಸೋದರಮಾವ ಬಂದರೆ ಬೆಂಕಿ ಅವನದು. ನಮ್ಮ ಅತ್ತೆಯ ಗಂಡನಿಗೆ ಒಂದು ವರ್ಷ ಅದು ತಪ್ಪಿಹೋಗಿ, ಯುಗಾದಿಯ ಬೇವುಬೆಲ್ಲಕ್ಕೂ ಆತ ನಮ್ಮ ಮನೆ ಹೊಸ್ತಿಲು ತುಳಿದಿರಲಿಲ್ಲ. ಗೆಣಸು ಸುಡಲಿಕ್ಕೆ ಇಷ್ಟು ಸಿಟ್ಟೇ ಎಂದು ಅವ್ವ ನಗುತ್ತಿದ್ದಳು. ಗೆಣಸಿನ ಮಾತು ಅಲ್ಲ ಅದು ಎಂದು ಅಪ್ಪ ಗಂಭೀರವಾಗಿ ಹೇಳುತ್ತಿದ್ದ.

ಬೆಂಕಿ ಯಾರದೇ ಆಗಲಿ, ಇದ್ದಿಲು ಮಾತ್ರ ಅಪ್ಪನದು. ಓಣಿಯವರೆಲ್ಲ ಅವನಿಗೇ ಹೇಳುತ್ತಿದ್ದರು. ಇಸ್ತ್ರಿಯವರಿಗೆ, ಅಕ್ಕಸಾಲಿಗರಿಗೆ ಇದ್ದಿಲು ಮಾರುವ ಹುಸೇನಜ್ಜನ ಅಂಗಡಿಗೆ ನಾವಿಬ್ಬರೂ ಬೆಳಿಗ್ಗೆಯೇ ಹೋಗಿ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆವು. ಬಳ್ಳಾರಿ ಜಾಲಿಯದೇ ಆಗಬೇಕು. ಎರಡು ತುಂಡು ತಾಕಿಸಿದರೆ ಗಾಜಿನ ಹಾಗೆ ಟಣ್ ಎನ್ನಬೇಕು. ದಪ್ ಎಂದರೆ ಒಳಗೆ ಇನ್ನೂ ಕಟ್ಟಿಗೆಯೇ ಇದೆ, ಕಣ್ಣು ತುಂಬ ಹೊಗೆ ಗ್ಯಾರಂಟಿ. ಮುರಿದ ಕಡೆ ಕಾಗೆಯ ರೆಕ್ಕೆಯಂತೆ ಮಿಂಚಬೇಕು. ಗೆಣಸಿಗೆ ಮುಷ್ಟಿ ಗಾತ್ರದ್ದು, ಬದನೆಗೆ ನೆಲ್ಲಿಕಾಯಿ ಗಾತ್ರದ್ದು. ಅಪ್ಪ ನನ್ನ ಕಿವಿಯ ಹತ್ತಿರ ತುಂಡುಗಳನ್ನು ತಾಕಿಸಿ, ನಾನು ಹೂಂ ಎಂದದ್ದನ್ನು ಮಾತ್ರ ಬುಟ್ಟಿಗೆ ಹಾಕುತ್ತಿದ್ದ. ಅಪ್ಪ ಮಗಳು ಹೆಣ್ಣು ನೋಡೋಕ್ಕ ಬಂದೋರಂಗ ಮಾಡ್ತಾರ ಎಂದು ಹುಸೇನಜ್ಜ ಗೊಣಗುತ್ತಿದ್ದ. ಆದರೂ ಒಳ್ಳೆಯ ಚೀಲವನ್ನು ನಮಗಾಗಿಯೇ ತೆಗೆದಿಟ್ಟಿರುತ್ತಿದ್ದ.

ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಚಳಿಗಾಲ. ಯಾರ್ಡಿನ ಮಾಲೀಕರನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ಸಂಡೂರು ರಸ್ತೆಯ ಕಡೆ ಹೊಸ ಬಂಗಲೆ ಕಟ್ಟಿಸಿ, ಗೋವಾಕ್ಕೆ ಹೋಗಿದ್ದಾಗ ಅಲ್ಲಿಂದ ಕಾಲುಗಳಿದ್ದ ಒಂದು ಕಬ್ಬಿಣದ ಒಲೆ ತಂದಿದ್ದರು. ಹಿತ್ತಲಲ್ಲಿ ಗೆಳೆಯರನ್ನು ಕರೆದು ಕೋಳಿ, ಮೀನು ಸುಡಿಸುವುದು ಅವರಿಗೆ ಹೊಸ ಹುಚ್ಚು. ಮೊದಲ ಸಲ ಯಾರೋ ತಂದ ಇದ್ದಿಲು ಬರೀ ಹೊಗೆ ಕಾರಿ, ಬಂದ ದೊಡ್ಡವರೆಲ್ಲ ಕೆಮ್ಮಿಕೊಂಡು ಬಂಗಲೆಯ ಒಳಗೆ ಓಡಿದ್ದರಂತೆ. ಇದ್ದಿಲಿಗೆ ನಮ್ಮ ಶರಣಪ್ಪ ಇದ್ದಾನಲ್ಲ ಎಂದು ಯಾರ್ಡಿನಲ್ಲಿ ಯಾರೋ ಹೇಳಿದರು. ಧಣಿ ಅಪ್ಪನನ್ನು ಕರೆಸಿದರು.

ಆ ಸಂಜೆ ಅಪ್ಪ ಮನೆಗೆ ಬಂದಾಗ ಕಾಲು ತೊಳೆದುಕೊಳ್ಳುವುದನ್ನೂ ಮರೆತಿದ್ದ. ಧಣಿ ಹೇಳಿದ್ದನ್ನು ಅವರ ದನಿಯಲ್ಲೇ ಹೇಳಿ ತೋರಿಸಿದ.

"ಶರಣಪ್ಪ, ಬರೋ ಐತವಾರ ಮನೀಗೆ ಬರ್ರಿ. ಇದ್ಲಿ ನೀವ ಆರಿಸಿ ತರ್ರಿ. ಬೆಂಕಿ ನಿಮ್ದ."

ಕಡೆಯ ಮಾತನ್ನು ಅವನು ಊಟಕ್ಕೆ ಕೂತಾಗ ಒಮ್ಮೆ, ಎದ್ದಾಗ ಒಮ್ಮೆ ಹೇಳಿದ. ದೊಡ್ಡವರ ಮನೆಯಲ್ಲೂ ಈ ರೀತಿ ಇದೆಯಲ್ಲ ಎಂದು ಅವನಿಗೆ ಆಶ್ಚರ್ಯವೂ ಆಗಿತ್ತು, ಹೆಮ್ಮೆಯೂ ಆಗಿತ್ತು. ಅವ್ವ ಮಾತ್ರ ರೊಟ್ಟಿಯ ಹಂಚಿನಿಂದ ಕಣ್ಣೆತ್ತದೆ, ಮನೆಮಂದಿಯನ್ನೂ ಕರೆದಿದ್ದಾರೇನು ಎಂದು ಕೇಳಿದಳು.

"ಬೆಂಕಿನ ಕೊಟ್ಟಾರಂದ ಮ್ಯಾಲೆ ಮನಿಮಂದಿನ್ನ ಬ್ಯಾರೆ ಕರೀಬೇಕೇನು?" ಎಂದ ಅಪ್ಪ.

ನಾವು ಲಿಂಗ ಕಟ್ಟಿಕೊಂಡವರು. ಮಾಂಸ ಸುಡುವ ಕಡೆ ನಾನು ಬರುವುದಿಲ್ಲ ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ನಮಗೆ ಬೇರೆ ಒಲೆ ಇರುತ್ತದೆ, ಯಾರ್ಡಿನ ಮ್ಯಾನೇಜರನನ್ನು ಕೇಳಿದ್ದೇನೆ, ಆತ ಹೂಂ ಅಂದಿದ್ದಾನೆ ಎಂದು ಅಪ್ಪ ಸಮಾಧಾನ ಹೇಳಿದ. ಕಡೆಗೆ ಅಪ್ಪ, ನಾನು ಇಬ್ಬರೇ ಹೋಗುವುದೆಂದಾಯಿತು. ಬರಿಗೈಯಲ್ಲಿ ಹೋಗಬಾರದೆಂದು ಅವ್ವ ಶೇಂಗಾ ಹೋಳಿಗೆ ಮಾಡಿ ಸ್ಟೀಲಿನ ಡಬ್ಬಿಗೆ ತುಂಬಿಕೊಟ್ಟಳು. ಅಪ್ಪನಿಗೆ ಆ ದಿನದಿಂದ ಬೇಕಾಗಿದ್ದದ್ದು ಬಹಳವೇನಲ್ಲ. ಮಗಳ ಕಣ್ಣೆದುರು ಒಬ್ಬ ದೊಡ್ಡ ಮನುಷ್ಯ ತನ್ನನ್ನು ಕೂಡಿಸಿ ಮಾತಾಡಿಸಬೇಕು. ಅಷ್ಟೇ. ಅದಕ್ಕೇ ನನ್ನನ್ನು ಕರೆದುಕೊಂಡು ಹೊರಟಿದ್ದ.

ಹುಸೇನಜ್ಜನ ಇದ್ದಿಲು ಅಂದು ಅಪ್ಪನಿಗೆ ಸಾಲದಾಯಿತು. ಶನಿವಾರ ನಾವಿಬ್ಬರೂ ಬಸ್ಸು ಹತ್ತಿ ಕಮಲಾಪುರ ದಾಟಿ ಕಂಪ್ಲಿಯ ದಾರಿಯಲ್ಲಿ ಇಳಿದೆವು. ಬಾಳೆ, ಕಬ್ಬಿನ ಹೊಲ ಮುಗಿದು ಜಾಲಿಯ ಪೊದೆ ಶುರುವಾಗುವ ಕಡೆ, ಗುಂಡಿ ತೋಡಿ ಮಣ್ಣು ಮುಚ್ಚಿ ಇದ್ದಿಲು ಸುಡುತ್ತಿದ್ದರು. ಆಗತಾನೇ ಬಿಚ್ಚಿದ ಗುಂಡಿ. ಬೂದಿಯ, ಬೆಂದ ಮಣ್ಣಿನ ವಾಸನೆ, ಪಕ್ಕದಲ್ಲೇ ಆಲೆಮನೆಯ ಬೆಲ್ಲದ ವಾಸನೆ. ಒಂದೊಂದೇ ತುಂಡು ಆರಿಸಿ ಚೀಲ ತುಂಬುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಮನೆಗೆ ತಂದ ಮೇಲೆ ಅಪ್ಪ ಇನ್ನೊಂದು ಕೆಲಸ ಮಾಡಿದ. ಹಳೆಯ ಪಂಚೆಯ ಚೂರಿನಿಂದ ಪ್ರತಿ ತುಂಡಿನ ಪುಡಿ ಒರೆಸಿದ. ಇದ್ದಿಲನ್ನು ಒರೆಸಿ ಇಟ್ಟವರನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನು ಕಂಡಿದ್ದೇನೆ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಐತವಾರ ಮಧ್ಯಾಹ್ನ ಅಪ್ಪ ತಣ್ಣೀರಲ್ಲಿ ಮಿಂದು, ಪೂಜೆ ಮಾಡಿ, ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಬಿಳಿ ಅಂಗಿ ತೊಟ್ಟ. ನನಗೆ ದೀಪಾವಳಿಯ ಹಸಿರು ಫ್ರಾಕು. ಆಟೋದಲ್ಲಿ ಚೀಲ ನಮ್ಮ ಕಾಲ ಬಳಿ, ಹೋಳಿಗೆಯ ಡಬ್ಬಿ ನನ್ನ ತೊಡೆಯ ಮೇಲೆ. ಬಂಗಲೆಯ ಗೇಟಿನಲ್ಲಿ ಕಾವಲಿನವನು ಚೀಲ ನೋಡಿ, ಹಿಂದಿನ ಬಾಗಿಲಿಗೆ ಹೋಗಿ ಎಂದ. ಚೀಲ ಮುಂದಿನಿಂದ ಒಯ್ದರೆ ಹಾಸಿದ ಕಲ್ಲು ಹೊಲಸಾಗುತ್ತದಲ್ಲ ಎಂದು ಅಪ್ಪ ನನಗೆ ವಿವರಿಸಿದ. ನಾವು ಹಿಂದಿನಿಂದ ಹೋದೆವು. ಹೋಳಿಗೆಯ ಡಬ್ಬಿಯನ್ನು ಪಾತ್ರೆ ತೊಳೆಯುತ್ತಿದ್ದ ಹೆಂಗಸು ತೆಗೆದುಕೊಂಡು ಒಗೆಯುವ ಕಲ್ಲಿನ ಮೇಲಿಟ್ಟಳು.

ಹಿತ್ತಲಿನ ಒಂದು ಬದಿಗೆ ಹಸಿರು ಹುಲ್ಲು, ಅದರ ಮೇಲೆ ಬಟ್ಟೆ ಹೊದಿಸಿದ ಕುರ್ಚಿಗಳು. ಇನ್ನೊಂದು ಬದಿಗೆ, ನೀರಿನ ಟ್ಯಾಂಕಿನ ಹತ್ತಿರ, ಆ ಕಬ್ಬಿಣದ ಒಲೆ. ಅಪ್ಪನ ಕಣ್ಣು ಮಣೆ ಹುಡುಕಿತು. ಆಮೇಲೆ ಕುರ್ಚಿಗಳ ಕಡೆ ಹೋಯಿತು. ಮ್ಯಾನೇಜರ್ ಬಂದವನು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಜಲ್ದಿ ಹಚ್ರಿ, ಮಂದಿ ಬರೋ ಹೊತ್ತಾತು ಎಂದು ಹೇಳಿ ಹೋದ. ಅಪ್ಪ ನನ್ನನ್ನು ಟ್ಯಾಂಕಿನ ಕಟ್ಟೆಯ ಮೇಲೆ ಕೂರಿಸಿ ಬೆಂಕಿ ಮಾಡಿದ. ಬೆಂಕಿ ಎಷ್ಟು ಚೆಂದ ಬಂತೆಂದರೆ, ಒಂದು ಎಳೆ ಹೊಗೆ ಇಲ್ಲ.

ಆಮೇಲೆ ಕೆಂಪು ಮಸಾಲೆ ಹಚ್ಚಿದ ಕೋಳಿ, ಡ್ಯಾಮಿನ ಮೀನು ಟಬ್ಬಿನಲ್ಲಿ ಬಂದವು. ನಮಗೆ ಬೇರೆ ಒಲೆ ಎಂದಿದ್ದಿರಲ್ಲ ಎಂದು ಅಪ್ಪ ಮೆಲ್ಲಗೆ ಕೇಳಿದ. ಮೊದಲು ಇದು ಆಗಲಿ ಎಂದ ಮ್ಯಾನೇಜರ್. ಅಪ್ಪ ಬೀಸಣಿಗೆ ಕೆಳಗಿಟ್ಟ. ಟ್ಯಾಂಕಿನ ಹಿಂದಕ್ಕೆ ಹೋದ. ನಾನು ನೋಡುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಅಂಗಿಯ ಗುಂಡಿ ಬಿಚ್ಚಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆನ್ನಿನ ಕಡೆ ಸರಿಸಿದ. ಗುಂಡಿ ಹಾಕಿಕೊಂಡು, ತೋಳು ಮಡಚಿ, ವಾಪಸು ಬಂದು ಮೀನು ಸುಡತೊಡಗಿದ. ಎಣ್ಣೆ ಕೆಂಡದ ಮೇಲೆ ತೊಟ್ಟಿಕ್ಕಿದಾಗಲೆಲ್ಲ ಮುಖ ಅತ್ತ ತಿರುಗಿಸುತ್ತಿದ್ದ. ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಚಪ್ಪಲಿಯನ್ನೇ ನೋಡುತ್ತ ಕೂತೆ.

ಸಂಜೆಯಾಗುತ್ತ ಕುರ್ಚಿಗಳು ತುಂಬಿದವು. ಬೆಂಕಿಯನ್ನು ಹೊಗಳುವವರೇ ಎಲ್ಲ. ನಮ್ಮ ಯಾರ್ಡಿನ ಮನುಷ್ಯ ಆರಿಸಿ ತಂದಾನ ಎಂದು ಧಣಿ ಅತ್ತಲಿಂದಲೇ ಕೈ ತೋರಿಸಿ ಹೇಳಿದ್ದು ನಮಗೂ ಕೇಳಿಸಿತು. ಅಪ್ಪ ಬೀಸಣಿಗೆ ಹಿಡಿದೇ ಸ್ವಲ್ಪ ಬಾಗಿ ನಮಸ್ಕಾರ ಮಾಡಿದ. ಯಾರೂ ನೋಡುತ್ತಿರಲಿಲ್ಲ.

ಆಗ ಧಣಿಯ ಮಗಳು ಪಲ್ಲವಿ ಹೊರಗೆ ಬಂದಳು. ನನ್ನ ಶಾಲೆಯವಳೇ, ನನ್ನದೇ ಕ್ಲಾಸು, ಸೆಕ್ಷನ್ನು ಮಾತ್ರ ಬೇರೆ. ನನ್ನನ್ನು ಕಂಡು, ನಾನು ಬಂದವರ ಪೈಕಿ ಯಾರದೋ ಮಗಳೆಂದುಕೊಂಡು, ಕೈ ಹಿಡಿದು ಎಳೆದುಕೊಂಡು ಹೋಗಿ ತನ್ನ ಗೆಳತಿಯರ ನಡುವೆ ಕುರ್ಚಿಯಲ್ಲಿ ಕೂರಿಸಿದಳು. ಕೈಗೆ ಹಣ್ಣಿನ ರಸ ಕೊಟ್ಟಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಬಟ್ಟೆ ಹೊದಿಸಿದ ಕುರ್ಚಿಯಿಂದ ನಾನು ಅಪ್ಪನನ್ನು ನೋಡಿದೆ. ಅವನೂ ನೋಡಿದ. ಬೆವರು ಒರೆಸಿಕೊಂಡು ಸಣ್ಣಗೆ ನಕ್ಕ. ಅಂದು ಅವನು ನಕ್ಕದ್ದು ಅದೊಂದೇ ಸಲ.

ಸ್ವಲ್ಪ ಹೊತ್ತಿಗೆ ಹುಡುಗಿಯರೆಲ್ಲ ಮೆಕ್ಕೆಜೋಳಕ್ಕೆಂದು ಒಲೆಯ ಹತ್ತಿರ ಹೋದೆವು. ಮೀನು ತಾಗದ ಹಾಗೆ ಬದಿಗೆ ತೆಗೆದಿದ್ದ ಕೆಂಡದ ಮೇಲೆ ಸುಟ್ಟು, ಅಪ್ಪ ನಿಂಬೆಹಣ್ಣು, ಉಪ್ಪುಖಾರ ಸವರಿ ಒಬ್ಬೊಬ್ಬರಿಗೇ ತೆನೆ ಕೊಟ್ಟ. ನನ್ನ ಸರದಿ ಬಂದಾಗ, ಕೈ ತನ್ನ ಪಾಡಿಗೆ ತಾನು ಮಾಡಿದಂತೆ, ತೆನೆಯನ್ನು ಬಾಯಿಯ ಹತ್ತಿರ ಒಯ್ದು ಊದಿ, ಬಿಸಿ ಆರಿಸಿ ಕೊಟ್ಟ. ಉಳಿದ ಯಾರಿಗೂ ಹಾಗೆ ಊದಿರಲಿಲ್ಲ. ಪಲ್ಲವಿ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಅಂಕಲ್, ಇಕಿ ನಿಮ್ಮ ಮಗಳೇನ್ರಿ?"

ಅಪ್ಪ ನನ್ನ ಹಸಿರು ಫ್ರಾಕು ನೋಡಿದ, ಕೈಯಲ್ಲಿದ್ದ ರಸದ ಲೋಟ ನೋಡಿದ. ಮಸಿಯಾದ ತನ್ನ ಅಂಗಿಯ ಕಡೆ ಕಣ್ಣು ಇಳಿಸಿದ.

"ಅಲ್ಲವ್ವ. ನಾನು ಇದ್ಲಿ ತಂದಾವ."

ಅವನ ಮಾತು ಮುಗಿಯುವುದಕ್ಕೂ ನನ್ನ ಬಾಯಿಂದ "ನಮ್ಮಪ್ಪ" ಎಂದು ಬರುವುದಕ್ಕೂ ಸರಿಹೋಯಿತು. ಗಟ್ಟಿಯಾಗಿಯೇ ಬಂತು. ಮನೆಯ ಹೊರಗೆ ಯಾರು ಕೇಳಿದರೂ ನಾನು ಹಾಗೇ ಹೇಳುತ್ತಿದ್ದೆ. ನನಗೆ ಬೇರೆ ಉತ್ತರ ಗೊತ್ತಿರಲಿಲ್ಲ.

ಹುಡುಗಿಯರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಕುರ್ಚಿಗಳ ಕಡೆಯಿಂದ ಒಂದಿಬ್ಬರು ತಿರುಗಿ ನೋಡಿದರು. ಧಣಿ ಎದ್ದು ಬಂದರು. ಸಿಟ್ಟೇನೂ ಮಾಡಲಿಲ್ಲ, ನಗುತ್ತಲೇ ಮಾತಾಡಿದರು.

"ಏನ್ ಶರಣಪ್ಪ, ಮಗಳನ್ನೂ ಕರ್ಕೊಂಡು ಬಂದೀಯೇನು? ಇರ್ಲಿ ಬಿಡು, ಹೋಗೋ ಮುಂದ ಅಕಿಗೂ ಒಂದಿಷ್ಟು ಕಟ್ಟಿಸ್ಕೊಂಡು ಹೋಗು."

ಅಪ್ಪ ಹೂಂ ಎಂದ. ಕಿವಿಯ ತುದಿಯವರೆಗೆ ಕೆಂಪಾಗಿದ್ದ. ಬೆಂಕಿಯ ಝಳ ಎಂದುಕೊಳ್ಳಲು ನಾನು ಪ್ರಯತ್ನಪಟ್ಟೆ. ಅಪ್ಪನನ್ನು ಕರೆದದ್ದು ಕೆಲಸಕ್ಕೆ, ಅತಿಥಿಗಳಾಗಿ ನಾವು ಕರೆಯದೆ ಬಂದಿದ್ದೇವೆ ಎಂದು ನನಗೆ ಅರ್ಥವಾದದ್ದು ಆಗ. ಅವನಿಗೂ ಅದೇ ಗಳಿಗೆಯಲ್ಲಿ, ಇನ್ನೊಬ್ಬರ ಬಾಯಿಂದ, ನನ್ನ ಎದುರಿಗೇ ಅರ್ಥವಾಗಬೇಕಾಯಿತು. ಮಗಳೊಬ್ಬಳಾದರೂ ಕುರ್ಚಿಯಲ್ಲಿ ಕೂತಿರಲಿ ಎಂದು ಅಪ್ಪ ಸುಳ್ಳು ಹೇಳಿದ್ದ. ನನ್ನ ಒಂದು ಮಾತಿನಿಂದ ಕುರ್ಚಿಯೂ ಹೋಯಿತು, ಆತ ನಾಲ್ಕು ಜನರ ಎದುರು ಸುಳ್ಳನೂ ಆದ. ಮೈಯೆಲ್ಲ ಚುಚ್ಚುವಂಥ ನಾಚಿಕೆ ಎಂದರೆ ಏನೆಂದು ನನಗೆ ಅಂದು ತಿಳಿಯಿತು. ಯಾರ ನಾಚಿಕೆ ಅದು, ನನ್ನದೋ ಅವನದೋ, ಬಿಡಿಸಿ ಹೇಳಲು ಈಗಲೂ ಬರುವುದಿಲ್ಲ. ನಾನು ಲೋಟವನ್ನು ಕೆಳಗಿಟ್ಟು ಟ್ಯಾಂಕಿನ ಕಟ್ಟೆಗೆ ಹೋಗಿ ಕೂತೆ. ಅಪ್ಪ ಕಡೆಯ ತುಂಡಿನವರೆಗೂ ಸುಟ್ಟ.

ಬರುವಾಗ ಬಾಳೆಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟರು. ಒಳಗೆ ಏನಿದೆ ಎಂದು ವಾಸನೆಯೇ ಹೇಳುತ್ತಿತ್ತು. ಅಪ್ಪ ಅದನ್ನು ಆಟೋದವನಿಗೆ ಕೊಟ್ಟುಬಿಟ್ಟ. ದಾರಿಯುದ್ದಕ್ಕೂ ಹೊರಗೆ ನೋಡುತ್ತ ಕೂತಿದ್ದ. ನಾನು ಅವನ ಕೈ ಹಿಡಿಯಲು ಹೋದೆ. ಮಸಿ ಆಗುತ್ತೆ ಎಂದು ಕೈ ಸರಿಸಿಕೊಂಡ.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಹೇಗಾಯಿತು ಎಂದು ಕೇಳಿದಳು. ಭಾಳ ಚಲೋ ಆತು, ಕೂಡಿಸಿ ಮಾತಾಡಿಸಿದ್ರು ಎಂದು ಹೇಳಿ ಅಪ್ಪ ನೇರ ಬಚ್ಚಲಿಗೆ ಹೋದ. ಅವ್ವ ನನ್ನ ಕಡೆ ತಿರುಗಿ, ಹೌದೇನು ಎಂದಳು. ನಾನು ಹೂಂ ಎಂದೆ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಂತು, ನನ್ನ ಉತ್ತರ ಮುಗಿದ ಮೇಲೆ ಮತ್ತೆ ಶುರುವಾಯಿತು.

ಮುಂದಿನ ಐತವಾರ ನಾನು ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಅಪ್ಪ ಒಬ್ಬನೇ ಇದ್ದಿಲು ತರಲು ಹೋಗಿಬಿಟ್ಟಿದ್ದ. ಅದರ ಮುಂದಿನ ವಾರವೂ ಹಾಗೇ. ಸಂತೆಗೆ ಬರುತ್ತೇನೆ ಎಂದರೆ, ಓದಿಕೊ, ನಿನಗ್ಯಾಕ ಬಿಸಲು ಎನ್ನುತ್ತಿದ್ದ. ಬೈಯಲಿಲ್ಲ, ಮುನಿಸಿಕೊಳ್ಳಲಿಲ್ಲ. ಶಾಲೆಗೆ ಮಾರ್ಕ್ಸ್ ಕಾರ್ಡ್ ಸಹಿಗೆ ಕರೆದರೆ ಅವ್ವನನ್ನು ಕಳಿಸಿ ತಾನು ಗೇಟಿನಾಚೆ ರಸ್ತೆಯ ಬದಿಗೆ ನಿಲ್ಲುತ್ತಿದ್ದ. ಒಂದೆರಡು ವರ್ಷಕ್ಕೆ ನಮ್ಮ ಹಿತ್ತಲಿನ ಸುಡುವ ಐತವಾರಗಳೂ ನಿಂತವು. ಎಲ್ಲರ ಮನೆಗೂ ಟೀವಿ, ಗ್ಯಾಸು ಬಂದು ನಿಂತವು ಎಂದು ಅವ್ವ ಹೇಳುತ್ತಿದ್ದಳು. ಇರಬಹುದು. ಅಪ್ಪ ನನ್ನೆದುರು ಬೆಂಕಿಯ ಮುಂದೆ ಕೂರಲಾರದೆ ಹೋದ ಎಂದೇ ನನಗೆ ಅನ್ನಿಸುತ್ತದೆ.

ನಾನು ಕಮಲಾಪುರದಲ್ಲಿ ಟೀಚರಾದೆ. ಒಂದು ದಿನ ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದೆ. ಮಧ್ಯಾಹ್ನ ಜವಾನ ಅದನ್ನು ತಂದುಕೊಟ್ಟು, ಯಾರೋ ಹಿರಿಯರು ಟೀಚರಮ್ಮಗೆ ಕೊಡ್ರಿ ಅಂತ ಕೊಟ್ಟು ಹೋದ್ರು, ಯಾರಂತ ಕೇಳಿದ್ರೆ ಹೇಳಲಿಲ್ಲ ಎಂದ. ನಾನು ಗೇಟಿಗೆ ಓಡಿದೆ. ಅಪ್ಪ ರಸ್ತೆಯಾಚೆ, ಹೊಸಪೇಟೆಯ ಬಸ್ಸಿಗೆ ನಿಂತಿದ್ದ ಜನರ ನಡುವೆ, ಈ ಕಡೆ ಬೆನ್ನು ಮಾಡಿ ನಿಂತಿದ್ದ. ಕರೆಯಬೇಕೆಂದು ಬಾಯಿ ತೆರೆದೆ. ಗೇಟಿನ ತುಂಬ ಮಕ್ಕಳು, ಇಬ್ಬರು ಮೇಷ್ಟ್ರು. ಇಷ್ಟು ಜನರ ಎದುರು ಕರೆದರೆ ಅವನಿಗೆ ಮತ್ತೆ ನಾಚಿಕೆಯಾದೀತು ಎನ್ನಿಸಿತು. ಬಸ್ಸು ಬಂತು. ಹತ್ತಿ ಹೋದ. ಸಂಜೆ ಮನೆಯಲ್ಲಿ ಕನ್ನಡಕ ಸಿಕ್ತೇನು ಎಂದು ಕೇಳಿದ, ಸಿಕ್ಕಿತು ಎಂದೆ.

ಈಗ ಹಂಪಿಯ ಸುತ್ತಿನ ರೆಸಾರ್ಟುಗಳಲ್ಲಿ, ಹೊಸಪೇಟೆಯ ಮಹಡಿಗಳ ಮೇಲೆ ಶನಿವಾರ ಬಂತೆಂದರೆ ಕಬ್ಬಿಣದ ಒಲೆಗಳು ಹೊತ್ತಿಕೊಳ್ಳುತ್ತವೆ. ಇದ್ದಿಲು ಬಣ್ಣದ ಚೀಲದಲ್ಲಿ ಬರುತ್ತದೆ, ಬಿಚ್ಚಿ ಸುರಿಯುತ್ತಾರೆ. ನನ್ನ ಗಂಡ, ಮಕ್ಕಳು ಕರೆದರೆ ನಾನೂ ಹೋಗಿ ಕುರ್ಚಿಯಲ್ಲಿ ಕೂರುತ್ತೇನೆ. ಒಲೆಯ ಬಳಿ ಬೀಸುತ್ತ ನಿಂತವರ ಮುಖ ನೋಡಲು ಮಾತ್ರ ನನ್ನಿಂದ ಆಗುವುದಿಲ್ಲ.

ಅಪ್ಪ ತೀರಿಕೊಂಡದ್ದು ಹೋದ ವರ್ಷದ ಚಳಿಗಾಲದಲ್ಲಿ. ಅಂಗಳದ ತುಂಬ ಜನ. ಓಣಿಯವರು, ಶಾಲೆಯವರು, ಯಾರ್ಡಿನಲ್ಲಿ ಅವನ ಜೊತೆ ಕೆಲಸ ಮಾಡಿದವರು. ಅವರೆಲ್ಲರ ಎದುರು ನಾನು ಅಪ್ಪಾ ಎಂದು ಗಟ್ಟಿಯಾಗಿ ಕೂಗಿದೆ. ಧಣಿಯ ಹಿತ್ತಲಿನ ಆ ಸಂಜೆಯಾದ ಮೇಲೆ ಜನರ ನಡುವೆ ಅವನನ್ನು ನಾನು ಹಾಗೆ ಕರೆದದ್ದು ಅದೇ ಮೊದಲು.